ಅಳಿಸಿದರೂ ಖಾಲಿಯಾಗದ ಜಾಗ

ಬೀದಿಯವರೆಲ್ಲ ಅವಳನ್ನು ಜೆರಾಕ್ಸಕ್ಕ ಎಂದೇ ಕರೆಯುತ್ತಿದ್ದರು. ಅಂಗಡಿಯ ಮುಂಭಾಗದಲ್ಲಿ ನಕಲು ತೆಗೆಯುವ ಯಂತ್ರ. ಅದರ ಪಕ್ಕ ಅಂಟಿನ ಡಬ್ಬಿ, ದಾರದ ಉಂಡೆಗಳ ನಡುವೆ ಕೂತು ಪುಸ್ತಕ ಹೊಲಿಯುವ ಗಂಡ. ಪರದೆ ಸರಿಸಿದರೆ ಹಿಂದೊಂದು ಸಣ್ಣ ಕೋಣೆ, ಅಲ್ಲಿ ಕಂಪ್ಯೂಟರು. ಆ ಕಂಪ್ಯೂಟರಿಗೆ ಮುಪ್ಪು ಬಂದು, ಏನು ಹಾಕಿದರೂ ಏದುಸಿರು ಬಿಡತೊಡಗಿದಾಗ ಅವಳೇ ಇಂಟರ್ನೆಟ್ಟಿನಲ್ಲಿ ಓದಿ, ಅವರಿವರನ್ನು ಕೇಳಿ, ಒಂದೆರಡು ಸಲ ಕೆಡಿಸಿ, ಕೊನೆಗೂ ಹಳೆ ಯಂತ್ರದಲ್ಲೂ ಓಡುವ, ಬಿಟ್ಟಿ ಸಿಗುವ ಲಿನಕ್ಸ್ ಎಂಬ ವ್ಯವಸ್ಥೆ ಹಾಕಿದ್ದಳು. ಅಂದಿನಿಂದ ಅದು ಗಾಣದೆತ್ತಿನ ಹಾಗೆ ದುಡಿಯುತ್ತಿತ್ತು. ಅವಳಿಗೂ ಸ್ವಲ್ಪ ಜಂಬ ಬಂದಿತ್ತು. ಬರಲಿ ಬಿಡಿ, ಕೈಯಾರೆ ಮಾಡಿದ ಕೆಲಸಕ್ಕೆ ಅಷ್ಟೂ ಜಂಬ ಬೇಡವೆಂದರೆ ಹೇಗೆ?

ಅವಳಿಗೊಬ್ಬ ತಮ್ಮ. ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಯಾವ ಬಸ್ಸು ಎಲ್ಲಿಗೆ, ಎಷ್ಟು ಹೊತ್ತಿಗೆ ಎಂದು ಕೂಗಿ ಹೇಳುವ ಕೆಲಸ. ಅವನ ಕಂಠ ಕೇಳಿದರೆ ಅವಸರದಲ್ಲಿ ಓಡುತ್ತಿದ್ದವರೂ ಒಂದು ಗಳಿಗೆ ನಿಂತು, ‘ಓ, ಇನ್ನೂ ಹೊತ್ತಿದೆ’ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದರು. ಅಂಥ ಕಂಠಕ್ಕೇ ಕಾಯಿಲೆ ಬಂತು. ಕಾಯಿಲೆಗೇನು, ಕಣ್ಣಿದೆಯೇ ಕಿವಿಯಿದೆಯೇ. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಜೀವ ಉಳಿಯುತ್ತದೆ, ದನಿ ಉಳಿಯುವುದಿಲ್ಲ ಎಂದರು ಡಾಕ್ಟರು.

ಆಸ್ಪತ್ರೆಯಲ್ಲಿ ಮಾತು ಕಲಿಸುವ ಹೆಣ್ಣುಮಗಳೊಬ್ಬಳಿದ್ದಳು. ಅವಳು ತಮ್ಮನ ಕೈಗೆ ಮಾತುಗಳ ದೊಡ್ಡ ಪಟ್ಟಿ ಕೊಟ್ಟು, “ಆಪರೇಷನ್‌ಗೆ ಮುಂಚೆ ಇದನ್ನೆಲ್ಲ ನಿಮ್ಮ ದನಿಯಲ್ಲಿ ಮುದ್ರಿಸಿಡಿ. ಆಮೇಲೆ ಒಂದು ಯಂತ್ರ ಕೊಡ್ತೀವಿ, ಗುಂಡಿ ಒತ್ತಿದ್ರೆ ನಿಮ್ಮ ದನಿಯಲ್ಲೇ ಮಾತಾಡುತ್ತೆ,” ಎಂದಳು. ಅಕ್ಕ ಹಿಂದಿನ ಕೋಣೆಯ ಗೋಡೆಗೆಲ್ಲ ಕಂಬಳಿ ತೂಗುಹಾಕಿ ಬೀದಿಯ ಗಲಾಟೆ ತಡೆದಳು. ಗಿರಾಕಿಗಳ ಕಾಗದಪತ್ರ ಅವನ ಕೈಗೆ ಸಿಕ್ಕಿ ಹಾಳಾಗದಿರಲೆಂದು ಕಂಪ್ಯೂಟರಿನಲ್ಲಿ ಅವನಿಗೇ ಬೇರೆ ಖಾತೆ ತೆರೆದಳು. ಕಂಪ್ಯೂಟರೆಂಬ ಮನೆ ಒಂದೇ, ಅದರೊಳಗೆ ಕೋಣೆ ಬೇರೆ ಬೇರೆ. ಅವನು ಬಂದು ತನ್ನ ಕೋಣೆಗೆ ಹೋಗುವುದು, ಓದುವುದು. ಅವನು ಎದ್ದ ಮೇಲೆ ಇವಳು ತನ್ನ ಕೋಣೆಗೆ ಬಂದು ಟೈಪಿಂಗ್ ಮಾಡುವುದು. ಮೊದಲ ದಿನ ಒಂದು ತುಣುಕು ಮುದ್ರಿಸಿ, ಉಳಿಸುವುದು ಹೇಗೆಂದೂ ಕಲಿಸಿದಳು. ಅವನು ತಲೆಯಾಡಿಸಿದ. ಗಂಡಸರು ತಲೆಯಾಡಿಸಿದರೆ ಅರ್ಥವಾಯಿತು ಅಂತಲೋ ಸಾಕು ಬಿಡು ಅಂತಲೋ, ದೇವರೇ ಬಲ್ಲ.

ಪಟ್ಟಿ ಮುಗಿದ ಮರುದಿನವೇ ಆಸ್ಪತ್ರೆಯಿಂದ ಕರೆ ಬಂತು: ಹಾಸಿಗೆ ಖಾಲಿಯಾಗಿದೆ, ಈಗಲೇ ಬನ್ನಿ. ಉಟ್ಟ ಬಟ್ಟೆಯಲ್ಲೇ ಹೊರಟರು. ಆಪರೇಷನ್ ಚೆನ್ನಾಗಿಯೇ ಆಯಿತು. ಎಚ್ಚರವಾದ ತಮ್ಮ ಅಕ್ಕನ ಮುಖ ನೋಡಿ ಬಾಯಿ ತೆರೆದ, ಗಾಳಿಯೂ ಹೊರಡಲಿಲ್ಲ. ಅವಳು ಅವನ ಕೈ ಹಿಡಿದು, “ನಿನ್ನ ದನಿ ನನ್ನ ಹತ್ರ ಭದ್ರವಾಗಿದೆ ಕಣೋ,” ಎಂದಳು.

ಹಾಗೆ ಹೇಳಿದವಳು, ಅವನು ಸ್ವಲ್ಪ ಚೇತರಿಸಿಕೊಂಡ ಮೇಲೆ ಒಂದು ಬೆಳಿಗ್ಗೆ, ಅಷ್ಟು ದಿನ ಮುಚ್ಚಿದ್ದ ಅಂಗಡಿ ತೆರೆದಳು. ವಕೀಲರ ಗುಮಾಸ್ತನೊಬ್ಬ ದಪ್ಪನೆಯ ಕಾಗದದ ಕಟ್ಟು ತಂದು, ಎಲ್ಲವನ್ನೂ ಸ್ಕ್ಯಾನ್ ಮಾಡಿಕೊಡಿ, ಸಂಜೆಯೊಳಗೆ ಬೇಕು ಎಂದು ಇಟ್ಟುಹೋದ. ನಾಲ್ಕು ಹಾಳೆ ಆಗುವಷ್ಟರಲ್ಲಿ ಕಂಪ್ಯೂಟರು ಮುಷ್ಕರ ಹೂಡಿತು: ಡಿಸ್ಕಿನಲ್ಲಿ ಜಾಗವಿಲ್ಲ. ಎಲ್ಲಿ ಹೋಯಿತು ಜಾಗ? ಅವಳು ಯಜಮಾನಿಕೆಯ ಪಾಸ್‌ವರ್ಡ್ ಹಾಕಿ ಮೂಲೆಮೂಲೆ ಹುಡುಕಿದಳು. ತಾತ್ಕಾಲಿಕ ಕಸ ಬೀಳುವ ಕಡೆ ಬಾಯಿಗೆ ಬಾರದ ಹೆಸರಿನದೊಂದು ಫೈಲು, ಹೆಬ್ಬಾವಿನಂತೆ ಬಿದ್ದುಕೊಂಡಿತ್ತು. ತಮ್ಮನ ದನಿ ‘ತಮ್ಮ’ ಎಂಬ ಫೋಲ್ಡರಿನಲ್ಲಿ ಇದ್ದೇ ಇದೆಯಲ್ಲ, ಇದು ಯಾವ ದರಿದ್ರ ಕಸವೋ ಎಂದುಕೊಂಡು ಅಳಿಸಿಹಾಕಿದಳು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಆದರೆ ಜಾಗ ವಾಪಸ್ಸು ಬರಲಿಲ್ಲ! ಫೈಲು ಹೋಗಿದೆ, ಡಿಸ್ಕು ಮಾತ್ರ ತುಂಬಿಯೇ ಇದೆ. ಅವಳಿಗೆ ರೇಗಿಹೋಯಿತು. ತನಗೆ ಲಿನಕ್ಸ್ ಕಲಿಸಿದ ಆನ್‌ಲೈನ್ ಬಳಗಕ್ಕೆ ಹೋಗಿ, ತನ್ನ ಹರಕುಮುರುಕು ಇಂಗ್ಲಿಷಿನಲ್ಲಿ ಬರೆದಳು: ‘ದೊಡ್ಡ ಫೈಲು ಅಳಿಸಿದೆ, ಜಾಗ ಖಾಲಿಯಾಗುತ್ತಿಲ್ಲ. ಇದೇನು ಮೋಸ?’

ಆ ಬಳಗದಲ್ಲಿ ಯಾರ ಮುಖವನ್ನೂ ಯಾರೂ ಕಂಡವರಲ್ಲ. ಎಲ್ಲರಿಗೂ ಅಡ್ಡಹೆಸರು. ಮೊದಲ ಉತ್ತರ ಕಣ್ಣು ಮಿಟುಕಿಸುವುದರೊಳಗೆ ಬಂತು: ‘ಒಮ್ಮೆ ಆಫ್ ಮಾಡಿ ಆನ್ ಮಾಡಿ, ಜಾಗ ಬರುತ್ತೆ.’ ಸುಳ್ಳೇನಲ್ಲ, ಬರುತ್ತಿತ್ತು. ಅವಳ ಬೆರಳು ಗುಂಡಿಯ ಮೇಲೆ ಹೋಗಿಯೂ ಆಗಿತ್ತು. ಅಷ್ಟರಲ್ಲಿ ಇನ್ನೊಂದು ಉತ್ತರ ಇಳಿಯಿತು. ಬರೆದವರ ಹೆಸರು ‘ತುಕ್ಕುಮೊಳೆ’.

‘ನಿಲ್ಲಿ. ಆಫ್ ಮಾಡಬೇಡಿ. ಅಳಿಸಿದ್ದು ಯಾವ ಫೈಲು? ಅದು ಯಾರದು? ಈ ಸಾಲನ್ನು ಟೈಪ್ ಮಾಡಿ, ಕಂಡದ್ದನ್ನು ಇದ್ದ ಹಾಗೇ ಇಲ್ಲಿ ಅಂಟಿಸಿ. ಏನು ಕಂಡಿತು ಅಂತ ನೀವು ಹೇಳೋದು ಬೇಡ, ನಾವೇ ನೋಡ್ತೀವಿ.’

ಅವಳು ಟೈಪ್ ಮಾಡಿದಳು. ಅಳಿಸಿದ್ದರೂ ಇನ್ನೂ ಯಾರೋ ಹಿಡಿದುಕೊಂಡಿರುವ ಫೈಲುಗಳ ಪಟ್ಟಿ ತೆರೆದುಕೊಂಡಿತು. ಅಲ್ಲಿ ಆ ಹೆಬ್ಬಾವಿತ್ತು. ಹಿಡಿದುಕೊಂಡಿದ್ದು ದನಿ ಮುದ್ರಿಸುವ ಪ್ರೋಗ್ರಾಮು. ಅದನ್ನು ಓಡಿಸುತ್ತಿದ್ದ ಖಾತೆ, ತಮ್ಮನದು.

ಅವಳು ತಕ್ಷಣ ‘ತಮ್ಮ’ ಫೋಲ್ಡರು ತೆರೆದು ನೋಡಿದರೆ, ಮೊದಲ ದಿನ ಅವಳೇ ಉಳಿಸಿಕೊಟ್ಟ ಪುಟ್ಟ ತುಣುಕು ಬಿಟ್ಟು ಬೇರೇನೂ ಇಲ್ಲ. ಆಗ ಅವಳಿಗೆ ಎಲ್ಲ ಹೊಳೆಯಿತು. ಬಸ್ ನಿಲ್ದಾಣದಲ್ಲಿ ಡ್ಯೂಟಿ ಮುಗಿಯುವವರೆಗೆ ಯಂತ್ರ ಆರಿಸುವ ಹಾಗಿಲ್ಲ. ಮಾತು ಮುಗಿದರೆ ಮೈಕಿನ ಗುಂಡಿಯನ್ನಷ್ಟೇ ಕೆಳಗೆ ಮಾಡಬೇಕು. ಅವನ ಕೈಗೆ ಅದೇ ರೂಢಿ. ಇಲ್ಲೂ ಪ್ರತಿದಿನ ಮೈಕಿನ ಗುಂಡಿ ಕೆಳಗೆ ಮಾಡಿ, ಕಂಪ್ಯೂಟರಿನ ಪರದೆಗೆ ಬೀಗ ಹಾಕಿ ಎದ್ದುಹೋಗಿದ್ದಾನೆ. ನಿಲ್ಲಿಸಲೂ ಇಲ್ಲ, ಉಳಿಸಲೂ ಇಲ್ಲ. ಅವನು ಆಸ್ಪತ್ರೆಯಲ್ಲಿ ಮಲಗಿದ್ದಾಗಲೂ ಆ ಪ್ರೋಗ್ರಾಮು ಖಾಲಿ ಕೋಣೆಯ ಮೌನವನ್ನು ಮುದ್ರಿಸುತ್ತಾ, ಡಿಸ್ಕು ತುಂಬಿಸಿ, ಜಾಗವಿಲ್ಲವೆಂದು ಬಾಯಿಬಿಟ್ಟುಕೊಂಡು ಕೂತಿದೆ. ಆ ಪುಟ್ಟ ತುಣುಕು ಬಿಟ್ಟರೆ ಈ ಭೂಮಿಯ ಮೇಲೆ ಅವನ ದನಿ ಇದ್ದದ್ದು ಆ ಒಂದೇ ಫೈಲಿನಲ್ಲಿ. ಅದನ್ನು ಅವಳು ಕೈಯಾರೆ ಅಳಿಸಿದ್ದಳು.

ಅವಳು ಕಣ್ಣೊರೆಸಿಕೊಳ್ಳುತ್ತಲೇ ಇಷ್ಟನ್ನೂ ಬಳಗಕ್ಕೆ ಬರೆದಳು. ಬರೆದು, ‘ಹೋಯಿತೇ?’ ಎಂದು ಕೇಳಿದಳು.

ತುಕ್ಕುಮೊಳೆ ಬರೆದ: ‘ಇಲ್ಲ. ಫೈಲು ಬೇರೆ, ಫೈಲಿನ ಹೆಸರು ಬೇರೆ. ನೀವು ಅಳಿಸಿದ್ದು ಹೆಸರು ಮಾತ್ರ. ಆ ಪ್ರೋಗ್ರಾಮು ಫೈಲನ್ನು ಇನ್ನೂ ಕೈಯಲ್ಲಿ ಹಿಡಿದಿದೆ. ಒಬ್ಬರಾದರೂ ಹಿಡಿದಿರೋವರೆಗೆ ಅದು ಸಾಯಲ್ಲ, ನಮ್ಮ ಲಿನಕ್ಸ್ ಹಾಗೇ ಇರೋದು. ಜಾಗ ಖಾಲಿಯಾಗಲಿಲ್ಲ ಅಂತ ಬೈದಿರಲ್ಲ, ಅದಕ್ಕೇ ಖಾಲಿಯಾಗಲಿಲ್ಲ. ಆದರೆ ಆ ಪ್ರೋಗ್ರಾಮು ಮುಚ್ಚಿದರೆ, ಕರೆಂಟು ಹೋದರೆ, ಮುಗೀತು.’

ಅವಳು ಆ ಸಾಲುಗಳನ್ನು ಮತ್ತೆ ಮತ್ತೆ ಓದಿದಳು. ಇಷ್ಟು ವರ್ಷ ಈ ಯಂತ್ರವನ್ನು ಬಳಸಿದ್ದಾಳೆ, ಬೈದಿದ್ದಾಳೆ, ಧೂಳು ಒರೆಸಿದ್ದಾಳೆ. ಅದರೊಳಗೆ ಇಂಥದೊಂದು ಧರ್ಮವಿದೆಯೆಂದು ಗೊತ್ತೇ ಇರಲಿಲ್ಲ. ಯಾರೋ ಎಂದೋ ಕೂತು, ಹಿಡಿದವನ ಕೈಯಿಂದ ಏನನ್ನೂ ಕಿತ್ತುಕೊಳ್ಳಬಾರದು ಎಂದು ಯೋಚಿಸಿ ಬರೆದಿಟ್ಟಿದ್ದಾರೆ! ಅವಳಿಗೆ ಎದ್ದುನಿಂತು ಕೈಮುಗಿಯಬೇಕೆನ್ನಿಸಿತು.

ಕೈಮುಗಿಯಲು ಪುರುಸೊತ್ತೆಲ್ಲಿ? ಹೊರಗೆ ಕುರ್ಚಿ ಸರಿದ ಸದ್ದಾಯಿತು. ಊಟದ ಹೊತ್ತು. ಅವಳ ಗಂಡನಿಗೆ ಒಂದು ಬಲ್ಬು ಸುಮ್ಮನೆ ಉರಿದರೂ ಜೀವ ಹೋದಷ್ಟು ಸಂಕಟ. ಊಟಕ್ಕೆ ಹೋಗುವಾಗ ಅಂಗಡಿಯ ಮೇನ್ ಸ್ವಿಚ್ಚನ್ನೇ ಎಳೆದುಹೋಗುವುದು ಅವನ ವಾಡಿಕೆ. ತಮ್ಮನ ಓದು ಮುಗಿಯುವವರೆಗೆ ಹಗಲೂ ರಾತ್ರಿ ಸ್ವಿಚ್ ಮುಟ್ಟಕೂಡದೆಂದು ಅವಳೇ ತಡೆದಿದ್ದಳು, ಆಸ್ಪತ್ರೆಗೆ ಹೊರಟ ಗಡಿಬಿಡಿಯಲ್ಲಿ ಎಳೆಯುವುದೇ ಮರೆತಿತ್ತು; ಇವತ್ತು ಅಂಗಡಿಯ ಜೊತೆ ವಾಡಿಕೆಯೂ ಮರಳಿತ್ತು.

“ರೀ! ಸ್ವಿಚ್ ಮುಟ್ಟಬೇಡಿ! ಮುಟ್ಟಿದ್ರೆ ನೋಡಿ!”

ಆ ಕೂಗಿಗೆ ಎದುರು ಸಾಲಿನ ಅಂಗಡಿಯವರೂ ಹೊರಗೆ ಬಂದು ನೋಡಿದರು. ಗಂಡ ಸ್ವಿಚ್ಚಿನ ಹತ್ತಿರ ಎತ್ತಿದ ಕೈಯನ್ನು ಎತ್ತಿದಲ್ಲೇ ಇಟ್ಟುಕೊಂಡು ಕಲ್ಲಾಗಿದ್ದ. “ಏನಾಯ್ತೇ? ಶಾಕ್ ಹೊಡೀತಾ?”

ಅವಳು ವಿಷಯ ಹೇಳಿದಳು. ಹೇಳುತ್ತಾ ಹೇಳುತ್ತಾ ಬಿಕ್ಕಿದಳು. ಮಾತಿನಲ್ಲಿ ಜಿಪುಣನಾದ ಆ ಮನುಷ್ಯ ಒಂದೇ ಪ್ರಶ್ನೆ ಕೇಳಿದ: “ಈಗ ನಾನೇನು ಮಾಡ್ಲಿ ಹೇಳು.”

“ದೊಡ್ಡ ಡಿಸ್ಕ್ ಬೇಕು. ಇದರಲ್ಲಿ ಜಾಗ ಇಲ್ಲ. ಹೊರಗಿಂದ ತಂದು ಚುಚ್ಚಬೇಕು.”

ಅವನು ಚಪ್ಪಲಿಯನ್ನೂ ಮೆಟ್ಟದೆ, ಫೋಟೋ ತುಂಬಿಡಲು ಅಂಥ ಡಿಸ್ಕು ಇಟ್ಟುಕೊಂಡಿದ್ದ ಬೀದಿ ಕೊನೆಯ ಫೋಟೋ ಸ್ಟುಡಿಯೋಗೆ ಓಡಿದ. ಹೊಲಿಯುತ್ತಿದ್ದ ಪುಸ್ತಕದ ದಾರ ಕಾಲಿಗೆ ಸುತ್ತಿಕೊಂಡು ಬೀದಿಯುದ್ದಕ್ಕೂ ಹಿಂದೆಯೇ ಹೋಯಿತು.

ಡಿಸ್ಕು ಬಂತು. ಅಷ್ಟರಲ್ಲಿ ಬಳಗದಲ್ಲಿ ಜನ ಸೇರಿಬಿಟ್ಟಿದ್ದರು. ‘ಮಧ್ಯಾಹ್ನದ ಗೂಬೆ’ ಎಂಬ ಹೆಸರಿನ ಹೆಂಗಸು ಬರೆದಳು: ‘ತಮ್ಮನ ಖಾತೆಯೊಳಗೆ ಹೋಗಬೇಡಿ, ಅಲ್ಲಿ ಏನನ್ನೂ ಒತ್ತಬೇಡಿ. ಮೊದಲು ಆ ಪ್ರೋಗ್ರಾಮನ್ನು ಇದ್ದಲ್ಲೇ ಮಲಗಿಸಿ, ಅಂದರೆ ಮುಚ್ಚದೆ ತಡೆದು ನಿಲ್ಲಿಸಿ. ಎಚ್ಚರ, ಮಲಗಿಸೋ ಆಜ್ಞೆ, ಕೊಲ್ಲೋ ಆಜ್ಞೆ ಎರಡೂ ಒಂದೇ. ನಡುವೆ ಒಂದು ಪದ ಬಿಟ್ಟರೆ ಮಲಗಲ್ಲ, ಸಾಯುತ್ತೆ. ಸಾಲು ಬರೆದು ಮೊದಲು ನಮಗೆ ತೋರಿಸಿ. ನಾವು ಹೂಂ ಅಂದಮೇಲೆ ಎಂಟರ್ ಒತ್ತಿ.’

ಆ ಬಳಗದ ರೀತಿಯೇ ಅದು: ಬರೆ, ತೋರಿಸು, ಆಮೇಲೆ ಒತ್ತು. ಅವಳು ಬರೆದಳು. ತೋರಿಸಿದಳು. ಒಬ್ಬ ಪ್ರೋಗ್ರಾಮಿನ ಅಂಕಿ ಸರಿಯೇ ಎಂದು ನೋಡಿದ, ಇನ್ನೊಬ್ಬಳು ಪದ ಸರಿಯೇ ಎಂದು ನೋಡಿದಳು. ಮತ್ತಾರೋ ಒಬ್ಬ, ‘ನನಗೂ ಸರಿ ಕಾಣ್ತಿದೆ, ಆದರೂ ಇನ್ನೊಬ್ಬರು ನೋಡಲಿ’ ಎಂದ. ‘ಹೂಂ’ ಎಂಬ ಉತ್ತರಗಳು ಒಂದರ ಕೆಳಗೊಂದು ಬಂದು ಕೂತವು. ಅವಳು ಕಣ್ಣು ಮುಚ್ಚಿ ಎಂಟರ್ ಒತ್ತಿದಳು. ಪ್ರೋಗ್ರಾಮು ಮಲಗಿತು. ಅದೇ ರೀತಿ ಎರಡನೆಯ ಸಾಲು: ಹೆಸರಿಲ್ಲದ ಆ ಫೈಲನ್ನು ಅದನ್ನು ಹಿಡಿದಿದ್ದ ಪ್ರೋಗ್ರಾಮಿನ ಕೈಯಿಂದಲೇ ನಕಲು ಮಾಡಿ ಹೊರಗಿನ ಡಿಸ್ಕಿಗೆ ಇಳಿಸುವ ಆಜ್ಞೆ.

ನಕಲು ಶುರುವಾಯಿತು. ಎಷ್ಟಾಯಿತು, ಎಷ್ಟು ಉಳಿಯಿತು ಎಂದು ಹೇಳುವ ಸೌಜನ್ಯ ಆ ಆಜ್ಞೆಗಿಲ್ಲ. ಕಪ್ಪು ಪರದೆಯ ಮೇಲೆ ಒಂದು ಚೌಕ ಮಿನುಗುತ್ತಿರುತ್ತದೆ, ಅಷ್ಟೆ. ಗಂಡ ಹೋಗಿ ಮೇನ್ ಸ್ವಿಚ್ಚಿಗೆ ಬೆನ್ನು ಕೊಟ್ಟು, ಯಾರಾದರೂ ಹತ್ತಿರ ಬಂದರೆ ಹೊಡೆಯುವವನ ಹಾಗೆ ನಿಂತ. ಸ್ಕ್ಯಾನ್ ಕೇಳಲು ಬಂದ ಗುಮಾಸ್ತನನ್ನು ಬಾಗಿಲಲ್ಲೇ ತಡೆದ.

ಬಳಗದಲ್ಲಿ ಯಾರೂ ಎದ್ದುಹೋಗಲಿಲ್ಲ. ಒಬ್ಬನಿಗೆ ಆಗ ತಾನೇ ಬೆಳಗಾಗಿತ್ತು. ಕೆಲಸಕ್ಕೆ ತಡವಾದರೂ ಚಿಂತೆಯಿಲ್ಲ, ಮುಗಿಯುವವರೆಗೆ ಇರುತ್ತೇನೆ ಎಂದ. ಇನ್ನೊಬ್ಬ ರೈಲಿನಲ್ಲಿದ್ದ, ಸುರಂಗ ಬಂದಾಗ ಕಾಣೆಯಾಗಿ, ಆಚೆ ಬಂದೊಡನೆ ‘ಆಯ್ತಾ?’ ಎಂದು ಕೇಳುತ್ತಿದ್ದ. ಇವರಿಗೆಲ್ಲ ತನ್ನ ತಮ್ಮ ಏನಾಗಬೇಕು? ಬಂಧುವೇ, ಬಳಗವೇ? ಅವರ ಹೆಸರು ಅವಳಿಗೆ ಗೊತ್ತಿಲ್ಲ, ಅವಳ ಹೆಸರು ಅವರಿಗೆ ಗೊತ್ತಿಲ್ಲ. ಆದರೂ ಭೂಮಿಯ ಯಾವ್ಯಾವುದೋ ಮೂಲೆಯಲ್ಲಿ ಕೂತು, ಕೇಳದ ಒಂದು ದನಿಗಾಗಿ ಉಸಿರು ಹಿಡಿದಿದ್ದಾರೆ. ಅವಳಿಗೆ ಭಯ, ಅಳು ಎರಡೂ ಮರೆತುಹೋಗಿ ಒಂದು ಬೆರಗು ಮಾತ್ರ ಉಳಿಯಿತು. ಪ್ರಪಂಚ ಇಷ್ಟು ಒಳ್ಳೆಯದೆಂದು ಯಾರೂ ಹೇಳಿಕೊಟ್ಟಿರಲಿಲ್ಲ.

ಚೌಕ ಮಿನುಗುವುದು ನಿಂತು, ಹೊಸ ಸಾಲು ಬಂತು. ಅವರು ಹೇಳಿದಂತೆ ನಕಲಿಗೆ ಹೊಸ ಹೆಸರಿಟ್ಟು ತೆರೆದಳು. ಒಂದಿಷ್ಟು ಗರಗರ. ಗಂಟಲು ಸರಿಮಾಡಿಕೊಂಡ ಸದ್ದು. ಆಮೇಲೆ, ಕಂಬಳಿ ತೂಗುಹಾಕಿದ ಆ ಪುಟ್ಟ ಕೋಣೆಯ ತುಂಬ:

“ಪ್ರಯಾಣಿಕರ ಗಮನಕ್ಕೆ...”

ಸ್ವಿಚ್ಚಿನ ಹತ್ತಿರ ನಿಂತಿದ್ದ ಗಂಡ ಅಲ್ಲೇ ಗೋಡೆಗೆ ಒರಗಿ ಕುಸಿದು, ಮಕ್ಕಳ ಹಾಗೆ ಅತ್ತುಬಿಟ್ಟ. ಅವಳು ಆ ಒಂದು ಸಾಲನ್ನು ತುಂಡುಮಾಡಿ ಬಳಗಕ್ಕೆ ಕಳಿಸಿದಳು. ಮೊದಲು ರೈಲಿನವನು ಬರೆದ: ‘ಒಂದಕ್ಷರವೂ ಅರ್ಥವಾಗಲಿಲ್ಲ. ಆದರೆ ನನ್ನ ರೈಲು ತಪ್ಪಿಹೋಯಿತೇನೋ ಅಂತ ಎದ್ದು ನಿಂತೆ.’ ತುಕ್ಕುಮೊಳೆ ಏನನ್ನೂ ಸೇರಿಸದೆ, ‘ಇನ್ನು ಎರಡು ಕಡೆ ನಕಲು ಇಡಿ’ ಎಂದು ಬರೆದು ಹೊರಟುಹೋದ.

ಮಾತು ಕಲಿಸುವವಳಿಗೆ ಆ ದನಿಯನ್ನು ಮಾತುಮಾತಾಗಿ ಬಿಡಿಸಿ, ಒಂದು ಹಲಗೆಯಂಥ ಯಂತ್ರದಲ್ಲಿ ಗುಂಡಿಗಳಾಗಿ ಜೋಡಿಸಲು ಕೆಲವು ವಾರ ಹಿಡಿಯಿತು. ಒಂದು ಗುಂಡಿಗೆ ಒಂದು ಮಾತು. ಬೇಕಾದ್ದನ್ನು ಒಂದರ ಹಿಂದೊಂದು ಒತ್ತಿದರೆ ಕೂಡಿಕೊಂಡು ಹೊಸ ವಾಕ್ಯವಾಗುತ್ತದೆ. ಅದನ್ನು ಕೊಡುವ ದಿನ ಅಕ್ಕ ಬೆಳಿಗ್ಗೆಯೇ ಎದ್ದು ಆಸ್ಪತ್ರೆಗೆ ಓಡಿದ್ದಳು. ತಮ್ಮ ಕತ್ತಿಗೆ ಬಟ್ಟೆ ಸುತ್ತಿಕೊಂಡು ಕಿಟಕಿಯ ಪಕ್ಕ ಕೂತಿದ್ದ. ಫೈಲಿನ ಕಥೆಯನ್ನು ಭಾವ ಆಗಲೇ ಎಲ್ಲವನ್ನೂ, ಬರಿಗಾಲಲ್ಲಿ ಓಡಿದ್ದನ್ನೂ ಸೇರಿಸಿ, ಬಣ್ಣ ಕಟ್ಟಿ ಹೇಳಿದ್ದ. ತಮ್ಮ ಯಂತ್ರವನ್ನು ಮಡಿಲಲ್ಲಿಟ್ಟುಕೊಂಡು ಗುಂಡಿಗಳ ಮೇಲೆ ಕಣ್ಣಾಡಿಸಿದ. ‘ಪ್ರಯಾಣಿಕರ ಗಮನಕ್ಕೆ’ ಅಲ್ಲೇ ಮೇಲಿತ್ತು. ಅದನ್ನೇ ಒತ್ತುತ್ತಾನೆಂದು ಎಲ್ಲರೂ ಕಾದರು. ಅವನು ಅದನ್ನು ದಾಟಿ ಕೆಳಗೆ ಹೋದ. ಹುಡುಕಿದ. ಒಂದು ಗುಂಡಿ ಒತ್ತಿದ, ಅಕ್ಕನ ಮುಖ ನೋಡಿದ, ಇನ್ನೊಂದು ಒತ್ತಿದ.

“ಅಕ್ಕಾ. ಊಟ ಆಯ್ತಾ?”

ಆ ಎರಡು ಮಾತನ್ನು ಅವನು ಆ ಮೈಕಿನ ಮುಂದೆ ಒಟ್ಟಿಗೆ ಆಡಿರಲಿಲ್ಲ. ಅದು ಎಂದೋ ಮುದ್ರಿಸಿದ ಮಾತಾಗಿರಲಿಲ್ಲ. ಈಗ, ಈ ಗಳಿಗೆಯಲ್ಲಿ, ಎದುರು ಕೂತ ತಮ್ಮ ಕೇಳುತ್ತಿದ್ದ. ಕೇಳಿ, ಉತ್ತರಕ್ಕೆ ಕಾಯುತ್ತಿದ್ದ.

“ಇಲ್ಲ ಕಣೋ,” ಎಂದಳು ಅಕ್ಕ. “ಇನ್ನೂ ಇಲ್ಲ.”