ಮಾಣಿಕ್ಯದ ಗುಂಡಿಗೆ ಮೆತ್ತಿದ್ದು

ನಾನು ಕೊರೆದ ತೂತು ದೊಡ್ಡದಂತೆ! ತಲೆ ನರೆಯುವವರೆಗೆ ಲೇತಿನ ಮುಂದೆ ನಿಂತವನಿಗೆ ಇದನ್ನು ಕೇಳುವ ಗತಿ ಬಂತು. ಪುತ್ತೂರಿನ ನಮ್ಮ ವರ್ಕ್‌ಶಾಪಿನಿಂದ ಹೋದ ಅಲ್ಯುಮಿನಿಯಂ ಬಿಡಿಭಾಗಗಳಲ್ಲಿ ಬೇರಿಂಗ್ ಸಡಿಲ ಕೂರುತ್ತದೆಂದು ಬೆಂಗಳೂರಿನ ಕಂಪನಿ ಎಲ್ಲವನ್ನೂ ವಾಪಸು ಕಳಿಸಿತ್ತು. ಅದು ಎಂಬತ್ತೆಂಟನೇ ಇಸವಿ.

“ಸಣ್ಣ ಉಂಟು, ಇನ್ನೂ ಕೊರೆಯಿರಿ ಅಂತ ಹೇಳಿದ್ದು ಇವಳೇ!” ಎಂದು ಕೂಗಿದೆ. ಇವಳು ಎಂದರೆ ಅಳತೆ ಯಂತ್ರ ನೋಡಿಕೊಳ್ಳುವ ಶೀಲಾವತಿ, ನಮ್ಮ ಊರು ಆಲೆಟ್ಟಿಯದೇ ಹುಡುಗಿ. ಆ ಯಂತ್ರದ ಕಡ್ಡಿಯ ತುದಿಯಲ್ಲಿ ಸಾಸಿವೆಗಿಂತ ತುಸು ದೊಡ್ಡ ಮಾಣಿಕ್ಯದ ಗುಂಡು. ಅದನ್ನು ತೂತಿನೊಳಗೆ ಉಜ್ಜಿಕೊಂಡು ಹೋದರೆ ಅಳತೆ ಬರುತ್ತದೆ.

“ಯಂತ್ರ ತೋರಿಸಿದ್ದನ್ನೇ ಹೇಳಿದ್ದು ವೆಂಕಪ್ಪ ಮಾವ. ನೀವೇ ಹೆಚ್ಚು ಕೊರೆದದ್ದು,” ಎಂದಳು.

ಧಣಿ ಚೆನ್ನಪ್ಪ ರೈಗಳಿಗೆ ತಲೆ ಕೆಟ್ಟಿತು. “ಸಂಕ್ರಮಣಕ್ಕೆ ಇಬ್ಬರೂ ದೈವದ ಎದುರು ಆಣೆ ಹಾಕಿ. ಹಿಂಜರಿದವರು ಕೆಲಸ ಬಿಡುದು.”

“ಹಾಕುವ,” ಎಂದೆ. ಸುಳ್ಳು ಆಣೆ ಹಾಕಿದವರ ಮನೆ ಉಳಿಯುವುದಿಲ್ಲ ಎಂಬುದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಹುಡುಗಿ ಹೆದರಿ ಒಪ್ಪಿಕೊಳ್ಳುತ್ತಾಳೆಂದು ಕಾದೆ. ಸಂಕ್ರಮಣದ ಬೆಳಿಗ್ಗೆ ಅವಳು ತಲೆಗೆ ಮಿಂದು, ಆಣೆಗೆ ತಯಾರಾಗಿ ವರ್ಕ್‌ಶಾಪಿಗೆ ಬಂದು ನಿಂತಳು.

ಹೆದರಿಕೆ ಇಲ್ಲವೆಂದರೆ ಇವಳದ್ದು ಸುಳ್ಳಲ್ಲ. ನನ್ನದಂತೂ ಅಲ್ಲವೇ ಅಲ್ಲ. ಮತ್ತೆ ಸುಳ್ಳು ಹೇಳುವುದು ಯಾರು ಮಾರಾಯ್ರೆ?

“ಆ ಗುಂಡನ್ನೊಮ್ಮೆ ತೋರಿಸು ಮಾರಾಯ್ತಿ.”

ಯಂತ್ರ ಬಂದ ದಿನ ಅಳೆದದ್ದು ಬಿಟ್ಟರೆ ಗುಂಡನ್ನು ಮತ್ತೆ ಯಾರೂ ನೋಡಿರಲಿಲ್ಲ. ಭೂತಗನ್ನಡಿ ಹಿಡಿದರೆ ಕೆಂಪಿನ ಮೇಲೆ ಬೆಳ್ಳಗಿನ ತೇಪೆ! ಉಜ್ಜಿ ಉಜ್ಜಿ ಅಲ್ಯುಮಿನಿಯಂ ಮೆತ್ತಿ ಗುಂಡು ದಪ್ಪವಾಗಿತ್ತು. ಸರಿಯಾದ ತೂತೂ ಅದಕ್ಕೆ ಸಣ್ಣದಾಗಿ ಕಂಡಿತ್ತು.

ಬೆಂಗಳೂರಿನಿಂದ ಎರಡು ಬಗೆಯ ಸೆರಾಮಿಕ್ ಗುಂಡು ತರಿಸಿದೆವು. ಇಬ್ಬರೂ ಕೂತು ಒಂದೇ ಅಲ್ಯುಮಿನಿಯಂ ತುಂಡಿನ ಮೇಲೆ ಎರಡನ್ನೂ ಉಜ್ಜಿದೆವು. ಬಿಳಿಯದಕ್ಕೆ ಸ್ವಲ್ಪ ಹತ್ತಿತು, ಕಪ್ಪಿಗೆ ಹತ್ತಲಿಲ್ಲ.

“ಮಾಣಿಕ್ಯ ಬಿಟ್ಟು ಈ ಕರಿ ಮೂತಿಯದ್ದನ್ನಾ?” ಎಂದು ರೈಗಳು ಮೂಗು ಮುರಿದರೂ ಒಪ್ಪಿದರು. ಆಣೆಯ ಮಾತು ಅಲ್ಲಿಗೇ ನಿಂತಿತು, ಇಬ್ಬರ ಕೆಲಸವೂ ಉಳಿಯಿತು.

ಆ ದಿನ ಚಾ ಕುಡಿಯುವಾಗ ಕೇಳಿದೆ. “ನಾನು ಸುಳ್ಳು ಹೇಳ್ತೇನೆ ಅಂತ ಎಣಿಸಿದ್ಯಾ ನೀನು?”

“ಇಲ್ಲ ಮಾವ. ನೀವು?”

“ಛೆ, ಎಂತ ಮಾತು! ನಾನೂ ಇಲ್ಲ.”

ಅವಳು ಲೋಟ ಕೆಳಗಿಟ್ಟಳು. “ದೈವಸ್ಥಾನ ಹತ್ತಿರವೇ ಉಂಟಲ್ಲ ಮಾವ. ಇದನ್ನೇ ಅಲ್ಲಿ ಹೋಗಿ ಹೇಳುವಾ?”

ಸುಳ್ಳು ಆಣೆ ಹಾಕಿದವರ ಮನೆ ನೆನಪಾಗಿ ನಾನು ಇನ್ನೊಂದು ಚಾ ಹೇಳಿದೆ. ಇಬ್ಬರೂ ಏಳಲಿಲ್ಲ.