ಎದುರಿನ ಕುರ್ಚಿ

“ಆಯಿ, ಆ ಕುರ್ಚೀಲಿ ಕೂತಿತ್ತಲೆ, ಅದೂ ನಮ್ಮ ಜೊತೀಗೇ ಬಸ್ಸು ಹತ್ತಿದ್ದು.”

ಹೋದ ಗುರುವಾರ ಶಿರಸಿಯಿಂದ ಯಲ್ಲಾಪುರಕ್ಕೆ ಮರಳುವಾಗ ಅಭಿಜ್ಞಾ ತಾಯಿಯ ಕಿವಿಯಲ್ಲಿ ಹೀಗೆಂದಿದ್ದಳು. ವೇದಾ ತಿರುಗಿ ನೋಡಿದರೆ ಹಿಂದಿನ ಸೀಟಿನಲ್ಲಿ ಎರಡು ಬಾಳೆಗೊನೆ ಇಟ್ಟುಕೊಂಡ ಒಬ್ಬ ಮುದುಕ, ಅಷ್ಟೇ. ಅಂದಿನಿಂದ ಮಗಳನ್ನು ಒಬ್ಬಳನ್ನೇ ಬಾವಿಯ ಕಡೆ ಬಿಟ್ಟಿರಲಿಲ್ಲ. ಪಾತ್ರೆ ತೊಳೆಯುವಾಗಲೂ ಪಕ್ಕದಲ್ಲೇ ಕೂರಿಸಿಕೊಳ್ಳುತ್ತಿದ್ದಳು.

ಹತ್ತೊಂಬತ್ತರ ಅಭಿಜ್ಞಾ ಹೆಂಗಸರ ತಾಳಮದ್ದಳೆ ತಂಡದಲ್ಲಿ ಅರ್ಥ ಹೇಳುವವಳು. ವೇಷವಿಲ್ಲ, ಕುಣಿತವಿಲ್ಲ; ಕೂತಲ್ಲೇ ಪಾತ್ರವಾಗಿ ಎದುರಿನವರೊಡನೆ ವಾದ ಹೂಡಬೇಕು. ಹಾಗಾಗಿ ಕೆಲವು ತಿಂಗಳ ಹಿಂದೆ ಬಚ್ಚಲಮನೆಯಿಂದ ಅವಳ ಮಾತು ಕೇಳಿಬಂದಾಗ ಮನೆಯಲ್ಲಿ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. “ಕೂಸು ಅರ್ಥ ರೂಢಿ ಮಾಡ್ತಾ ಇದ್ದು” ಎಂದು ವೇದಾ ನೆಂಟರೆದುರು ಹೆಮ್ಮೆಯಿಂದಲೇ ಹೇಳಿದ್ದಳು. ನಡುನಡುವೆ ಮಗಳು ಸುಮ್ಮನಾದರೂ ಅನುಮಾನ ಬರಲಿಲ್ಲ, ಎದುರಾಳಿಯ ಮಾತಿಗೆ ಜಾಗ ಬಿಡಬೇಕಲ್ಲ. ಎರಡು ತಿಂಗಳು ಹೀಗೇ ಕಳೆಯಿತು. ಒಂದು ಬೆಳಿಗ್ಗೆ ದೋಸೆ ಎರೆಯುತ್ತಿದ್ದವಳ ಕಿವಿಗೆ ಬಿತ್ತು: “ಕೈ ಮುಗೀತೆ. ನಮ್ಮ ಆಯಿಗೆ ಎಂತೂ ಮಾಡಡ.”

ಯಾವ ಪ್ರಸಂಗದಲ್ಲೂ ಇಲ್ಲದ ಮೊರೆ ಅದು. ಕಾವಲಿಯ ಮೇಲಿನ ದೋಸೆ ಕರಕಾಯಿತು.

ಹುಬ್ಬಳ್ಳಿಯ ಮನೋವೈದ್ಯರು ಮಾತ್ರೆ ಕೊಟ್ಟು, ಕಾಗದದಲ್ಲಿ ‘ಸ್ಕಿಜೋಫ್ರೇನಿಯಾ’ ಎಂದು ಬರೆದು ಮುಂದೊಂದು ಪ್ರಶ್ನೆ ಚಿಹ್ನೆ ಹಾಕಿದ್ದರು. ಈಗಲೇ ಖಚಿತವಲ್ಲ, ಆರು ತಿಂಗಳು ನೋಡಬೇಕು ಅಂದಿದ್ದರು. ವೇದಾಳಿಗೆ ಪ್ರಶ್ನೆ ಚಿಹ್ನೆ ಕಾಣಲೇ ಇಲ್ಲ, ಹೆಸರೊಂದೇ ಕಂಡಿತು. ಕಾಗದವನ್ನು ಮಡಚಿ ಚೀಲದ ಒಳಜೇಬಿಗೆ ಸೇರಿಸಿದಳು. ನಿದ್ದೆಗೆಂದು ಹೇಳಿ ಮಗಳಿಗೆ ಮಾತ್ರೆ ಕೊಟ್ಟಳು. ಶಿರಸಿಯಲ್ಲಿ ನಾಟಕ, ಚಿತ್ರ, ತಾಳಗಳಿಂದ ಮನಸ್ಸಿಗೆ ಚಿಕಿತ್ಸೆ ಮಾಡುವ ತನುಜಾ ಎಂಬುವರಿದ್ದಾರೆಂದು ತಿಳಿದು ಅಲ್ಲಿಗೂ ಕರೆದೊಯ್ದಳು. ‘ಮೊದಲು ಯಾವುದಾದರೂ ಡಾಕ್ಟರಿಗೆ ತೋರಿಸಿದ್ದೀರಾ?’ ಎಂದು ಅಲ್ಲಿಯ ಫಾರಂ ಕೇಳಿದಾಗ ‘ಇಲ್ಲ’ ಎಂದು ಬರೆದಳು. ಹೆಸರು ತಿಳಿದರೆ ಇವರೂ ಬಾಗಿಲು ಹಾಕಿಕೊಂಡರೆ? ಸುದ್ದಿ ಬಸ್ಸಿಗಿಂತ ಮೊದಲೇ ಊರು ಮುಟ್ಟಿದರೆ?

ತನುಜಾ ಹಾನಗಲ್ ಕಡೆಯವರು. ಅಭಿಜ್ಞಾಳ ಅರ್ಥಗಾರಿಕೆ ಕೇಳಿ ಅವರಿಗೆ ಖುಷಿಯೋ ಖುಷಿ. “ಅಕ್ಕಾರ, ನಿಮ್ಮ ಮಗಳಿಗೆ ನಾ ಏನ್ ಮಾತು ಕಲಿಸ್ಲಿ? ಆಕೀನ ನನಗ ಕಲಿಸ್ತಾಳ!” ಎಂದು ನಕ್ಕು, ಹೋದ ವಾರ ಎರಡು ಕುರ್ಚಿ ಎದುರುಬದುರು ಹಾಕಿದ್ದರು. ಒಂದರಲ್ಲಿ ಅಭಿಜ್ಞಾ, ಖಾಲಿ ಇದ್ದ ಇನ್ನೊಂದರಲ್ಲಿ ಅವಳನ್ನು ಬೈದು ನೋಯಿಸಿದವರು ಯಾರೋ ಕೂತಿದ್ದಾರೆಂದು ಭಾವಿಸಿ ಅವಳು ಅವರೊಡನೆ ವಾದ ಮಾಡಬೇಕು.

ಈ ಗುರುವಾರವೂ ಅವೇ ಎರಡು ಕುರ್ಚಿ.

ಬಾಗಿಲಲ್ಲೇ ಅಭಿಜ್ಞಾಳ ಬೆರಳು ತಾಯಿಯ ಮಣಿಕಟ್ಟಿಗೆ ನಾಟಿತು. “ಆಗಲೇ ಬಂದು ಕೂತಾಗೋಜು” ಎಂದಳು ಮೆಲ್ಲಗೆ, ಖಾಲಿ ಕುರ್ಚಿಯತ್ತ ನೋಡುತ್ತ.

ವೇದಾ ಒಳಗೆ ನುಗ್ಗಿದಳು. ಖಾಲಿ ಕುರ್ಚಿಯನ್ನು ಎತ್ತಿ ಹೊರಗಿನ ಪಡಸಾಲೆಯಲ್ಲಿಟ್ಟಳು. ಒಳಗೆ ಬಂದು ಕಾಗದ ತೆಗೆದು ತನುಜಾರ ಕೈಗಿತ್ತಳು, ಹೋದ ವಾರ ಬಸ್ಸಿನಲ್ಲಿ ಮಗಳು ಅಂದದ್ದನ್ನೂ ಹೇಳಿದಳು.

“ಹೆದರಿ ಮುಚ್ಚಿಟ್ಟಿದ್ದೆ. ಇನ್ನು ಬರಬೇಡಿ ಅಂತೀರಾದ್ರೆ ಈಗ್ಲೇ ಹೇಳಿಬಿಡಿ.”

ತನುಜಾ ನಿಂತಲ್ಲೇ ಓದಿದರು. “ಬರಬ್ಯಾಡ್ರಿ ಅಂತ ಯಾಕ ಅನ್ಲಿ? ಇದನ್ನ ತಿಳಿದಿದ್ರ ಆ ಕುರ್ಚಿ ನಾ ಹಾಕ್ತಿದ್ದಿಲ್ಲ. ಫಾರಂ ನೋಡಿ ಸುಮ್ಮನಾದೆ, ಮತ್ತೊಮ್ಮೆ ಕೇಳಬೇಕಿತ್ತು. ತಪ್ಪು ನಂದೂ ಐತಿ.” ಅಭಿಜ್ಞಾಳತ್ತ ನೋಡಿ ಕೇಳಿದರು, “ಆಕೀಗೆ ಹೇಳೀರಿ?”

ವೇದಾ ತಲೆಯಾಡಿಸಿದಳು, ಇಲ್ಲವೆಂದು.

“ಕಾಗದ ಆಕೀದಲ್ಲೇನ್ರಿ?”

ಮಗಳ ಕೈಗೆ ಅದು ಹೋಗುವಾಗ ವೇದಾ ಬಾಗಿಲಿಗೆ ಅಡ್ಡ ನಿಂತಳು. ಚೀರುತ್ತಾಳೆ, ಹರಿದು ಎಸೆಯುತ್ತಾಳೆ, ಮೆಟ್ಟಿಲಿಳಿದು ಓಡುತ್ತಾಳೆ. ಅಭಿಜ್ಞಾ ಎರಡು ಸಲ ಓದಿದಳು.

“ಹಂಗಾರೆ ಡಾಕ್ಟರಿಗೆ ಇದು ಗೊತ್ತಿದ್ದು? ಬೇರೆಯವಕ್ಕೂ ಹೀಂಗೆ ಆಗ್ತು? ಆನು, ಎಂಗೊಬ್ಬಳಿಗೇ ಆಗ್ತು ಹೇಳಿ...” ಹೆಸರಿನ ಮೇಲೆ ಬೆರಳಾಡಿಸಿದಳು. ಆಮೇಲೆ ತಾಯಿಯತ್ತ ತಿರುಗಿದಳು. “ನಿದ್ದೆ ಮಾತ್ರೆ ಹೇಳಿ ಸುಳ್ಳು ಹೇಳಿದ್ಯಲೆ ಆಯಿ.”

“ಹೌದೆ ಕೂಸೆ.”

“ಮತ್ತೆ ಈ ಪ್ರಶ್ನೆ ಚಿಹ್ನೆ?”

“ಡಾಕ್ಟರಿಗೂ ಇನ್ನ ಖಾತ್ರಿ ಇಲ್ಲಂತ,” ಎಂದರು ತನುಜಾ. “ಹೆಸರು ನಾಳೆ ಬದಲಾದೀತು. ಸದ್ಯ ನನಗ ಇದರಿಂದ ತಿಳಿದದ್ದು ಇಷ್ಟ: ಪಾತ್ರ ಮಾಡೂದು ಈಗ ಬ್ಯಾಡ. ನೀವು ಒಪ್ಪಿದ್ರ ಡಾಕ್ಟರ್ ಹತ್ರ ನಾನೂ ಮಾತಾಡ್ತೀನಿ. ಬಸ್ಸಿನ ವಿಷಯ ಅವರಿಗೆ ಇವತ್ತ ಹೇಳೋಣು.”

ಉಳಿದ ಹೊತ್ತೆಲ್ಲ ತಾಳ ಮಾತ್ರ. ಮೇಜಿನ ಮೇಲೆ ಅಂಗೈಯಿಂದ ನಾಲ್ಕು ಪೆಟ್ಟು, ಒಂದು ಬಿಡುವು, ಮತ್ತೆ ನಾಲ್ಕು. ಬಿಡುವು ಬಂದಾಗಲೆಲ್ಲ ಅಭಿಜ್ಞಾಳ ಕಣ್ಣು ಬಾಗಿಲಿಗೆ ಹೋಗುತ್ತಿತ್ತು. ತನುಜಾ ಅದನ್ನು ಗಮನಿಸಿ ಬಿಡುವನ್ನೇ ತೆಗೆದುಹಾಕಿದರು.

ಸಂಜೆ ಬಸ್ಸು ಶಿರಸಿ ದಾಟಿತು. ಕೇಳಲು ಹೆದರಿಕೆ, ಕೇಳದಿರಲೂ ಹೆದರಿಕೆ. ಕೊನೆಗೆ ವೇದಾ ಕೇಳಿದಳು, “ಅದು ಇವತ್ತೂ ಬಸ್ಸಿಗೆ ಬಂಜನೆ?”

“ಬಂಜು. ಹಿಂದೆ ಕೂತಿದ್ದು.”

ಈ ಸಲ ವೇದಾ ಹಿಂತಿರುಗಿ ನೋಡಲಿಲ್ಲ. “ಎಂತೂ ಇಲ್ಲೆ, ಸುಮ್ನಿರು” ಎಂದೂ ಹೇಳಲಿಲ್ಲ.

“ಎಂತ ಹೇಳ್ತಾ ಇದ್ದು?” ಎಂದಳು.

ಅಭಿಜ್ಞಾ ಬೆರಗಿನಿಂದ ತಾಯಿಯ ಮುಖ ನೋಡಿದಳು. ಇಷ್ಟು ದಿನ ಯಾರೂ ಅದನ್ನು ಕೇಳಿರಲಿಲ್ಲ. “ಹೇಳ್ತೆ,” ಎಂದು ತಾಯಿಯ ಅಂಗೈಯನ್ನು ತೊಡೆಯ ಮೇಲಿಟ್ಟುಕೊಂಡು, ಬಿಡುವಿಲ್ಲದ ತಾಳ ಹಾಕುತ್ತ, ಮೆಲ್ಲಗೆ ಹೇಳತೊಡಗಿದಳು.