ಅಗಲ ಬಳೆ

ಎಲೆಯಡಿಕೆ, ಬೆವರು, ಅದರ ಮೇಲೆ ಅತ್ತರು — ಮಡಿವಾಳಪ್ಪ ಸಾಹುಕಾರ ಬೆನ್ನ ಹಿಂದೆ ಬಂದು ನಿಂತಿದ್ದಾನೆ, ತಿರುಗಿ ನೋಡಬೇಕಿಲ್ಲ, ಮೂಗು ಸಾಕು, ಹೆಂಡತಿಯನ್ನು ಮಣ್ಣು ಮಾಡಿ ಬಂದ ದಿನವೂ ಇದೇ ಅತ್ತರು, ಥೂ, ಗಾಜು ಆರಾಕತ್ತೈತಿ ಸತ್ಯವ್ವಾ, ಒಳಗ ಹಿಡಿ, ನನಗೆ ಕಲಿಸಲು ಬರುತ್ತಾನೆ ಇವನು, ಇವನ ಹೆಣ ಎತ್ತಲಿ, ಸಲಾಕೆಯ ತುದಿಯ ಹಸಿರು ಉಂಡೆಯನ್ನು ಭಟ್ಟಿಯ ಬಾಯಿಗೆ ಒಡ್ಡಿ ತಿರುಗಿಸುತ್ತೇನೆ, ತಿರುಗಿಸುತ್ತಲೇ ಇರಬೇಕು, ಕೈ ನಿಂತರೆ ಜೋತುಬೀಳುತ್ತದೆ, ಹೆಚ್ಚು ಕಾದರೆ ಮೇಲೆ ಸುತ್ತಿದ ಬಿಳಿ ಎಳೆಗಳೆಲ್ಲ ಕಲಸಿ ಗಂಜಿ, ಆರಿದರೆ ಕೊಕ್ಕೆ ಕಚ್ಚಿಕೊಂಡು ಉಂಡೆ ಸಿಡಿಯುತ್ತದೆ, ನಡುವೆ ಒಂದು ಹದ, ಬೆಲ್ಲದ ಪಾಕದ ಹದ, ಆಗ ಹೊರಗೆ ತೆಗೆದು ಕೊಕ್ಕೆಯಿಂದ ಬಿಳಿ ಎಳೆಗಳನ್ನು ಅಡ್ಡ ಎಳೆದರೆ ನವಿಲುಗರಿ ಮೂಡುತ್ತದೆ, ಒಂದು ಎಳೆತ, ಮತ್ತೆ ಬೆಂಕಿಗೆ, ಒಂದು ಎಳೆತ, ಮತ್ತೆ ಬೆಂಕಿಗೆ — ನನ್ನ ಗಂಡ ಸೋಮಪ್ಪ ಈ ಬೆಳಕನ್ನೇ ನೋಡಿ ನೋಡಿ ಕಣ್ಣು ಕಳೆದುಕೊಂಡ, ಈಗ ಕಟ್ಟೆಯ ಮೇಲೆ ಕೂತು ರೈಲ್ವೆ ವರ್ಕ್‌ಶಾಪಿನ ಭೋಂಗಾ ಕೇಳಿ ಹೊತ್ತು ತಿಳಿಯುತ್ತಾನೆ, ಅವನ ಕೊಕ್ಕೆ ನನ್ನ ಕೈಗೆ ಬಂತು, ಅಗಲ ಮಾಡು, ಅನ್ನುತ್ತಾನೆ ಸಾಹುಕಾರ, ದಾನವ್ವಗ ಮಾಡಿದ್ದಿಯಲ್ಲ ಅಂಥಾವ, ಮೊಣಕೈ ತನಕ ಬರಬೇಕು, ಮದವಿ ಹೆಣ್ಣು, ಕೈ ತುಂಬ ಕಾಣಬೇಕು. ಕಾಣಬೇಕಂತೆ, ಏನು ಕಾಣಬಾರದು ಎಂದು ಇವನಿಗೂ ಗೊತ್ತು, ನನಗೂ ಗೊತ್ತು.

ದಾನವ್ವ ಇವನ ಹೆಂಡತಿ, ಬಾಣಂತಿ ಜ್ವರದಲ್ಲಿ ಹೋದಳು, ಕೂಸೂ ಹೋಯಿತು, ಮುತ್ತೈದೆ ಹೆಣ, ಹೊಸ ಹಸಿರು ಬಳೆ ಇಡಿಸಿಯೇ ಕಳಿಸಬೇಕು ಎಂದು ನನ್ನನ್ನು ಕರೆದರು, ಬದುಕಿದ್ದಾಗ ಒಮ್ಮೆಯೂ ನನ್ನ ಮುಂದೆ ಕೈ ಚಾಚಿದವಳಲ್ಲ, ಇಟ್ಟು ಹೋಗು ಸತ್ಯವ್ವಾ, ನಾನ ಏರಿಸ್ಕೋತೇನಿ, ಸಾಹುಕಾರತಿಯ ಸೊಕ್ಕು ಅಂದುಕೊಂಡಿದ್ದೆ, ಆ ದಿನ ಹಳೆಯ ಅಗಲ ಬಳೆಗಳನ್ನು ಒಂದೊಂದಾಗಿ ಜಾರಿಸುತ್ತ ಬಂದೆ, ಒಂದು ಜಾರಲಿಲ್ಲ, ಅಂಟಿಕೊಂಡಿತ್ತು, ಕೀವಿಗೆ, ಎಳೆದಾಗ ಚರ್ಮವೂ ಬಂತು, ಕೆಳಗೆ ಸುಟ್ಟ ಬರೆ, ಒಂದರ ಪಕ್ಕ ಒಂದು, ಕೆಲವು ಬೆಳ್ಳಗೆ ಒಣಗಿದ್ದವು, ಕೆಲವು ಹಸಿ, ಎಲ್ಲವೂ ತುದಿಯಲ್ಲಿ ಬಾಗಿದವು, ಆ ಬಾಗು ನನಗೆ ಗೊತ್ತಿಲ್ಲವೇ, ದಿನವೆಲ್ಲ ಹಿಡಿಯುವ ಕೊಕ್ಕೆ, ನಾನು ಮನೆಗೆ ಹೋದ ಮೇಲೂ ಇವನ ಹಿತ್ತಲಿನ ಈ ಭಟ್ಟಿಯ ಕೆಂಡದಲ್ಲಿ ಬಿದ್ದಿರುವ ಕೊಕ್ಕೆ — ಈಗಲೂ ಬೂದಿ ಹಚ್ಚಿ ತಿಕ್ಕಿದರೂ ಇದರ ಹಿಡಿಕೆ ಅವನ ಕೈಯ ನಾತ ನಾರುತ್ತದೆ, ಲಗೂ ಇಡಿಸವಾ, ಹೊರಗ ಮಂದಿ ಕುಂತಾರ, ಆ ದಿನ ಅಂದವಳು ದಾನವ್ವನ ಹೆತ್ತ ತಾಯಿ, ಶಿರಗುಪ್ಪಿಯವಳು, ಅವಳೂ ನೋಡಿದಳು, ನೋಡಿ ಸೆರಗಿನಿಂದ ಕೀವು ಒರೆಸಿ ಹಸಿರು ಬಳೆಗಳನ್ನು ತಾನೇ ಬರೆಗಳ ಮೇಲೆ ಸರಿಸಿದಳು, ಅಂಥವಳು ಈಗ ಸಣ್ಣ ಮಗಳು ಶಿವಲಿಂಗವ್ವನನ್ನು ಇವನಿಗೇ ಕೊಡುತ್ತಿದ್ದಾಳೆ, ಬಳೆಯ ಅಳತೆಗೆಂದು ಇವತ್ತು ತಾನೇ ಕರೆತಂದಿದ್ದಾಳೆ, ಅಕ್ಕನ ಮನಿ ತಂಗಿಗಿರಲಿ, ಹೊರಗಿನಾಕಿ ಯಾಕ ಬರಬೇಕು, ಗಂಡಸರ ಸಿಟ್ಟು ಹಾಲು ಉಕ್ಕಿದಂಗ, ಒಂದೀಟು ನೀರು ಚಿಮುಕಿಸಿದರ ಇಳಿತೈತಿ. ಇವನಿಗಿಂತ ಇವಳೇ ಹೇಸಿಗೆ, ಇಬ್ಬರೂ ಈಗ ಪಡಸಾಲೆಗೆ ಚಹಾ ಕುಡಿಯಲು ಹೋದರು.

ಹುಡುಗಿಯನ್ನು ಅಳತೆ ಕೊಡಲು ಇಲ್ಲಿ ಬಿಟ್ಟಿದ್ದಾರೆ, ಗೋಡೆಗೆ ಒರಗಿ ನಿಂತಿದ್ದಾಳೆ, ಭಟ್ಟಿಯ ಝಳಕ್ಕೆ ಮುಖ ಕೆಂಪಗಿದೆ, ಹೇಳಬೇಕು, ಈಗ ಹೇಳದಿದ್ದರೆ ಇನ್ನು ಹೇಳುವುದು ಅಕ್ಷತೆ ಬಿದ್ದ ಮೇಲೆ, ಹೇಳಿದರೆ ಕೆಲಸ ಹೋಗುತ್ತದೆ, ಕುರುಡನ ತಾಟಿನ ರೊಟ್ಟಿ ಹೋಗುತ್ತದೆ, ಹೋಗಲಿ, ಈ ಮನೆಯ ರೊಟ್ಟಿ ತಿಂದು ಬಾಯೆಲ್ಲ ಕೀವಾಗಿದೆ — ತಂಗೆವ್ವಾ, ಒಲ್ಲೆ ಅನ್ನು, ನಿಮ್ಮಕ್ಕನ ಕೈ ಇದ ಕೊಕ್ಕಿಲೆ ಸುಟ್ಟಾನ ಅಂವ, ನಾ ಕಣ್ಣಾರೆ ನೋಡೇನಿ, ಈ ಬಳಿ ಅದನ್ನ ಮುಚ್ಚಾಕ. ಬೆಚ್ಚುತ್ತಾಳೆ ಅಂದುಕೊಂಡೆ, ಅಳುತ್ತಾಳೆ, ಓಡಿಹೋಗುತ್ತಾಳೆ, ಏನೂ ಇಲ್ಲ, ಗೊತ್ತೈತಿ ಯಕ್ಕಾ, ಅಂದಳು, ತವರಿಗಿ ಬಂದಾಗೆಲ್ಲ ಅಕ್ಕಗ ಬೆಣ್ಣಿ ಹಚ್ಚಾಕಿ ನಾನ, ಒಲ್ಲೆ ಅಂದೇನಿ, ಅವ್ವ ಬಾವಿಕಟ್ಟಿ ಹತ್ತಿ ನಿಂತಳು — ಕೊಕ್ಕೆ ನನ್ನ ಕೈಯಲ್ಲೇ ಉಳಿಯಿತು, ಉಂಡೆ ಕಾವಿನ ಕೆಂಪು ಬಿಟ್ಟು ಕಪ್ಪಾಗುತ್ತಿದೆ, ಬೆಂಕಿಗೆ ಒಡ್ಡಬೇಕು, ಒಡ್ಡಲಾಗುತ್ತಿಲ್ಲ, ಅವಳು ಸೆರಗು ಸರಿಸಿ ಕೈ ಚಾಚಿದಳು, ಅಂಗೈ ಮೇಲೆ ಮಾಡಿ, ಒಂದು ಕಲೆಯಿಲ್ಲದ ಕೈ, ಟಿಣ್ ಎಂದು ಗಾಜು ಸಿಡಿಯಿತು, ಪಡಸಾಲೆಯಿಂದ ಅವನ ಕೂಗು, ಏನ್ ಒಡೀತಬೇ ಅದು, ಏನೂ ಒಡೆದಿಲ್ಲ, ಕೈ ಇದೆ, ಮಣಿಕಟ್ಟಿನಿಂದ ಮೊಣಕೈವರೆಗೆ ಎಳೆ ಚರ್ಮ, ಒಳಗೆ ನೀಲಿ ನರ, ನರ ಮಿಡಿಯುತ್ತಿದೆ, ಯಕ್ಕಾ, ಅನ್ನುತ್ತಾಳೆ, ಅಗಲನ ಮಾಡು, ಅಕ್ಕನವು ಸಾಕಾಗತಿದ್ದಿಲ್ಲ, ಇನ್ನೊಂದೀಟು ಅಗಲ ಮಾಡು — ಒಂದು ಕಲೆಯಿಲ್ಲ, ಕೈ ಚಾಚಿಯೇ ನಿಂತಿದ್ದಾಳೆ, ಆ ಕೈ.